ಬಾಯಿ ಬಿಟ್ಟವರ ಪಾಡು

2021ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಸುವಾನ್ ನಗರದ ನ್ಯಾಯಾಲಯ ಒಬ್ಬ ಸ್ಕೇಟಿಂಗ್ ತರಬೇತುದಾರನಿಗೆ ಹತ್ತೂವರೆ ವರ್ಷಗಳ ಜೈಲು ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಅದು 13 ವರ್ಷಕ್ಕೆ ಏರಿತು, ಆ ವರ್ಷದ ಕೊನೆಗೆ ದೇಶದ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಶಿಕ್ಷೆಯಾದವನು ರಾಷ್ಟ್ರೀಯ ಶಾರ್ಟ್ ಟ್ರ್ಯಾಕ್ ತಂಡದ ಮಾಜಿ ತರಬೇತುದಾರ ಚೋ ಜೇ-ಬಮ್. ದೂರು ಕೊಟ್ಟವರು ಶಿಮ್ ಸುಕ್-ಹೀ. 2014ರ ಸೋಚಿ, 2018ರ ಪ್ಯೊಂಗ್‌ಚಾಂಗ್ ಎರಡೂ ಒಲಿಂಪಿಕ್ಸ್‌ಗಳಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲಿ ಇದ್ದವರು. 2014ರಿಂದ 2017ರವರೆಗೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ಅವರು ದೂರು ಬರೆದುಕೊಟ್ಟಾಗ ವಯಸ್ಸು 21. ದೌರ್ಜನ್ಯ ಶುರುವಾದಾಗ ಇನ್ನೂ ಅಪ್ರಾಪ್ತೆ.

ಈ ಪ್ರಕರಣವನ್ನು ಮುಂದಿಟ್ಟುಕೊಂಡು ಇಬ್ಬರು ಮಾತಾಡುತ್ತಿದ್ದಾರೆ. ಒಬ್ಬರು ನಿವೃತ್ತ ದೈಹಿಕ ಶಿಕ್ಷಕರು, ಮಕ್ಕಳನ್ನು ಓಟಕ್ಕೆ ತಯಾರು ಮಾಡುವುದರಲ್ಲೇ ಆಯುಷ್ಯ ಕಳೆದವರು. ಇನ್ನೊಬ್ಬಳು ಅವರ ಶಾಲೆಯಲ್ಲೇ ಓದಿ ಈಗ ವಕೀಲೆಯಾಗಿರುವವಳು.

ಮೇಷ್ಟ್ರು: ತೀರ್ಪಿನ ಬಗ್ಗೆ ನನ್ನ ತಕರಾರೇನೂ ಇಲ್ಲಮ್ಮ. ಆ ಮನುಷ್ಯ ಜೈಲಿಗೆ ಹೋಗಬೇಕಾದವನೇ. ನನ್ನ ಚಿಂತೆ ಇರೋದು ಆ ತೀರ್ಪು ಹಿಡ್ಕೊಂಡು ನಾವು ಮುಂದೆ ಎಲ್ಲಿಗೆ ಹೋಗ್ತೀವಿ ಅನ್ನೋದರಲ್ಲಿ. ಶಾರ್ಟ್ ಟ್ರ್ಯಾಕ್ ಎಂಥ ಆಟ ಅಂತ ನೋಡು. ಒಂದು ಸುತ್ತು ಬರೀ 111.12 ಮೀಟರ್. ನಾಲ್ಕೈದು ಜನ ಒಟ್ಟಿಗೆ ನುಗ್ಗುತ್ತಾರೆ, ತಿರುವಿನಲ್ಲಿ ಮೈಯನ್ನ ಪೂರ್ತಿ ವಾಲಿಸಿ ಎಡಗೈ ಬೆರಳನ್ನ ಐಸಿಗೆ ತಾಗಿಸ್ಕೊಂಡು ಹೋಗ್ತಾರೆ, ಒಬ್ಬರು ಒಂದು ಕ್ಷಣ ಅಂಜಿದರೆ ಮೂರು ಜನ ಬೀಳ್ತಾರೆ. ಆ ಅಂಜಿಕೆ ಬಿಡಿಸೋದು ಬೆಣ್ಣೆ ಮಾತಿನಿಂದ ಆಗೋ ಕೆಲಸ ಅಲ್ಲ. 1992ರಲ್ಲಿ ಈ ಆಟಕ್ಕೆ ಒಲಿಂಪಿಕ್ ಪದಕ ಕೊಡೋಕೆ ಶುರು ಮಾಡಿದರು; 2022ರ ಹೊತ್ತಿಗೆ ಕೊರಿಯಾ ಒಂದೇ 26 ಚಿನ್ನ ಗೆದ್ದಿತ್ತು. ಬೇರೆ ಯಾವ ದೇಶವೂ ಅದರ ಹತ್ತಿರಕ್ಕೆ ಬಂದಿರಲಿಲ್ಲ. ಆ ಸಾಧನೆಯ ಹಿಂದೆ ಕಟ್ಟುನಿಟ್ಟಿನ ತರಬೇತಿ ಇದೆ. ಬೆಳಗಿನ ಜಾವಕ್ಕೆ ಎಬ್ಬಿಸೋದು, ಕಾಲು ಸೋತರೂ ಇನ್ನೂ ಹತ್ತು ಸುತ್ತು ಅನ್ನೋದು, ತಪ್ಪಿದಾಗ ಗದರೋದು, ಇದೆಲ್ಲ ನಾಳೆ ದೌರ್ಜನ್ಯದ ಪಟ್ಟಿಗೆ ಸೇರಿದರೆ ಕಲಿಸೋರು ಯಾರು ಉಳೀತಾರೆ?

ವಕೀಲೆ: ಮೇಷ್ಟ್ರೇ, ಆ ಎರಡನ್ನೂ ಒಂದೇ ಗಂಟಿಗೆ ಕಟ್ಟಿದವರು ಹುಡುಗಿಯರಲ್ಲ, ಹೊಡೆದವರು. ಶಿಮ್ ಕೋರ್ಟಿನಲ್ಲಿ ಹೇಳಿದ್ದು ಹತ್ತು ಸುತ್ತು ಹೆಚ್ಚು ಓಡಿಸಿದರು ಅಂತಲ್ಲ. ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಹಾಕಿ ಸ್ಟಿಕ್‌ನಿಂದ ಹೊಡೆದು ಬೆರಳಿನ ಮೂಳೆ ಮುರಿದರು ಅಂತ. ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಕೆಲವೇ ವಾರ ಇರುವಾಗ ಜಿನ್‌ಚೊನ್ ತರಬೇತಿ ಕೇಂದ್ರದಲ್ಲಿ ಗುದ್ದಿ, ಒದ್ದು ಮಾಡಿದಾಗ ಸತ್ತೇ ಹೋಗ್ತೀನೇನೋ ಅನ್ನಿಸಿತು ಅಂತ. ಇದರಲ್ಲಿ ಯಾವುದು ತರಬೇತಿ? ಹೊಡೆದದ್ದು ಸಾಬೀತಾದಾಗಲೂ ಆಟ ಸುಧಾರಿಸಲಿ ಅಂತ ಹೊಡೆದೆ ಅನ್ನೋದೇ ಅವನ ಸಮರ್ಥನೆ ಆಗಿತ್ತು. ಪದಕದ ಲೆಕ್ಕ ನೀವು ಕೊಟ್ಟಿರಿ, ನಾನು ಇನ್ನೊಂದು ಲೆಕ್ಕ ಕೊಡ್ತೀನಿ. 2019ರಲ್ಲಿ ಕೊರಿಯಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಶಾಲಾ ಮಕ್ಕಳಲ್ಲಿ ಕ್ರೀಡಾಪಟುಗಳಾಗಿರೋರ ಸಮೀಕ್ಷೆ ಮಾಡಿತು. 57,557 ಮಕ್ಕಳು ಉತ್ತರ ಕೊಟ್ಟರು. ಅವರಲ್ಲಿ 8,440 ಮಕ್ಕಳು, ಅಂದರೆ ಶೇಕಡ 14.7ರಷ್ಟು, ತಮಗೆ ದೈಹಿಕ ಹಿಂಸೆ ಆಗಿದೆ ಅಂದರು. ನನ್ನನ್ನ ಕಾಡೋದು ಆ ಸಂಖ್ಯೆಗಿಂತ ಅದರ ಒಳಗಿನ ಇನ್ನೊಂದು ಸಂಖ್ಯೆ. ಏಟು ತಿಂದ ಪ್ರಾಥಮಿಕ ಶಾಲೆಯ ಮಕ್ಕಳನ್ನ ಆಗ ನಿಮಗೆ ಏನನ್ನಿಸಿತು ಅಂತ ಕೇಳಿದಾಗ ಶೇಕಡ 38.7ರಷ್ಟು ಮಕ್ಕಳು, ಇನ್ನೂ ಚೆನ್ನಾಗಿ ಅಭ್ಯಾಸ ಮಾಡಬೇಕು ಅನ್ನಿಸಿತು ಅಂತ ಹೇಳಿದರು. ಏಟು ಬಿದ್ದಿದ್ದಕ್ಕೆ ತನ್ನಲ್ಲೇ ತಪ್ಪು ಹುಡುಕೋ ಮಗು ಯಾರ ಹತ್ತಿರ ಹೋಗಿ ಏನಂತ ದೂರು ಹೇಳಬೇಕು? ಹೊಡೆತದಿಂದಲೇ ಪದಕ ಬಂತು ಅನ್ನೋ ಮಾತಿಗೆ ಸಾಕ್ಷಿ ಹೇಳೋರು ಇದೇ ಮಕ್ಕಳು ದೊಡ್ಡವರಾದ ಮೇಲೆ.

ಮೇಷ್ಟ್ರು: ಒಪ್ಪಿದೆ. ಹಾಕಿ ಸ್ಟಿಕ್ಕಿಗೆ ನಾನು ವಕಾಲತ್ತು ವಹಿಸೋಲ್ಲ. ಆದರೆ ಒಂದು ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇರುತ್ತೆ, ಬಾಯಲ್ಲಿ ಬರೋಲ್ಲ. ಅಷ್ಟು ವರ್ಷ ಯಾಕೆ ಸುಮ್ಮನಿದ್ದರು? ಆ ಹೆಣ್ಣುಮಗಳನ್ನ ಹಳಿಯೋಕೆ ಕೇಳ್ತಿಲ್ಲ. ನಾಳೆ ಇನ್ಯಾರೋ ಒಬ್ಬ ತರಬೇತುದಾರನ ಮೇಲೆ ಹತ್ತು ವರ್ಷದ ಹಿಂದಿನ ಆರೋಪ ಬರುತ್ತೆ ಅಂತ ಇಟ್ಕೋ. ಆ ದಿನ ಅವನು ಎಲ್ಲಿದ್ದ, ಯಾರ ಎದುರಿಗಿದ್ದ ಅಂತ ತೋರಿಸೋದು ಹೇಗೆ? ತಡವಾದಷ್ಟೂ ಆರೋಪಿಗೂ ಅನ್ಯಾಯ ಆಗುತ್ತೆ, ದೂರು ಕೊಟ್ಟವಳಿಗೂ ಆಗುತ್ತೆ.

ವಕೀಲೆ: ಯಾಕೆ ಸುಮ್ಮನಿದ್ದರು ಅನ್ನೋದಕ್ಕೆ 2018ರ ಜನವರಿಯ ಒಂದೇ ಘಟನೆ ಸಾಕು. ಏಟು ತಿಂದ ಶಿಮ್ ತರಬೇತಿ ಕೇಂದ್ರ ಬಿಟ್ಟು ಹೊರಗೆ ಹೋದರು. ಮರುದಿನ ಅಧ್ಯಕ್ಷ ಮೂನ್ ಜೇ-ಇನ್ ಕ್ರೀಡಾಪಟುಗಳಿಗೆ ಧೈರ್ಯ ಹೇಳೋಕೆ ಅದೇ ಕೇಂದ್ರಕ್ಕೆ ಬಂದರು. ಶಿಮ್ ಎಲ್ಲಿ ಅಂದಾಗ ತಂಡದವರು, ಮೈ ಸರಿಯಿಲ್ಲ, ನೆಗಡಿ ಜ್ವರ ಅಂದರು. ರಾಷ್ಟ್ರಾಧ್ಯಕ್ಷರೇ ಬಾಗಿಲಿಗೆ ಬಂದಾಗಲೂ ಸುಳ್ಳು ಹೇಳಬಲ್ಲ ವ್ಯವಸ್ಥೆ ಅದು. ಅಲ್ಲಿ ಒಬ್ಬ ಹುಡುಗಿ ಹದಿನೇಳನೇ ವಯಸ್ಸಿನಲ್ಲಿ ಯಾರ ಕದ ತಟ್ಟಬೇಕಿತ್ತು? ಇನ್ನು ಪುರಾವೆಯ ಮಾತು. ತಡವಾಗಿ ಬಂದ ದೂರಿಗೆ ಪುರಾವೆಯೇ ಇರಲ್ಲ ಅಂತ ತಿಳೀಬೇಡಿ. ಆಕೆ ಆಗಾಗ ಬರೆದಿಟ್ಟಿದ್ದ ಟಿಪ್ಪಣಿಗಳನ್ನ ತನಿಖೆಯಲ್ಲಿ ಪರಿಶೀಲಿಸಿದರು. ಲೈಂಗಿಕ ದೌರ್ಜನ್ಯದ ಆರೋಪವನ್ನ ಆತ ಪೂರ್ತಿ ಅಲ್ಲಗಳೆದ, ತನ್ನ ವಾದ ಮಂಡಿಸೋಕೆ ಅವನಿಗೆ ಅವಕಾಶ ಸಿಕ್ಕಿತು, ಮೂರು ಹಂತದ ನ್ಯಾಯಾಲಯಗಳು ಕೇಳಿಯೇ ತೀರ್ಮಾನ ಮಾಡಿದವು.

ಇಲ್ಲಿ ಬರೆಯುವವರ ಮಾತೊಂದನ್ನು ಸೇರಿಸಬೇಕು. ಕ್ರೀಡಾಪಟುಗಳು ಬಾಯಿ ಬಿಟ್ಟಾಗ ನಾವು ಅವರ ಧೈರ್ಯವನ್ನು ಹೊಗಳುತ್ತೇವೆ. ಆ ಹೊಗಳಿಕೆಯೊಳಗೇ ಒಂದು ಅಪಾಯ ಅಡಗಿದೆ: ಬಾಯಿ ಬಿಡದವರಿಗೆ ಧೈರ್ಯ ಸಾಲದು ಎಂದು ಒಪ್ಪಿಕೊಂಡಂತೆ ಆಗುತ್ತದೆ. ನೂರು ಕೆಜಿ ತೂಕ ಎತ್ತುವವರು, ಬಿದ್ದರೆ ಗಂಟಲು ಸೀಳಬಹುದಾದ ಬ್ಲೇಡುಗಳ ನಡುವೆ ನುಗ್ಗುವವರು ಧೈರ್ಯವಿಲ್ಲದವರೇ? ಅವರ ಬಾಯಿ ಕಟ್ಟಿರುವುದು ಅಂಜುಬುರುಕುತನವಲ್ಲ, ಲೆಕ್ಕಾಚಾರ. ಕೊರಿಯಾದಲ್ಲಿ ಒಲಿಂಪಿಕ್ ಪದಕವೆಂದರೆ ಜೀವನಪೂರ್ತಿ ಪಿಂಚಣಿ, ಗಂಡಸರಿಗೆ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ. ಶಾಲಾ ಹಂತದ ಗೆಲುವುಗಳೆಂದರೆ ವಿಶ್ವವಿದ್ಯಾಲಯದ ಸೀಟು. ಈ ಎಲ್ಲದರ ದಾರಿ ಹಾದುಹೋಗುವುದು ತರಬೇತುದಾರನ ಕೈಯೊಳಗಿಂದ. ಯಾರು ರಿಲೇಯಲ್ಲಿ ಓಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಎಂದು ಹೇಳುವವನು ಅವನೇ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನು ತಿನ್ನಬೇಕು, ಎಷ್ಟು ಮಲಗಬೇಕು ಎಂದು ನೋಡುವವನೂ ಅವನೇ. ಅವನ ಮೇಲೆ ದೂರು ಹೋದರೆ ಅದು ತಲುಪುವುದು ಅವನ ಗೆಳೆಯರೇ ಕೂತ ಒಕ್ಕೂಟವನ್ನು. ಶಿಮ್ ಪ್ರಕರಣ ಹೊರಬಿದ್ದ ಕೆಲವೇ ದಿನಗಳಲ್ಲಿ, 2019ರ ಜನವರಿಯಲ್ಲಿ, ಯುವ ಸ್ಕೇಟರ್‌ಗಳ ಒಂದು ಬಳಗ ಇನ್ನೂ ಹಲವರ ಮೇಲೆ ದೌರ್ಜನ್ಯ ನಡೆದಿದೆ ಎಂದು ಹೇಳಿತು. ಆದರೆ ಹೆಸರು ಹೇಳಲಿಲ್ಲ. ಸೇಡಿಗೆ ಹೆದರಿ ಆ ಹುಡುಗಿಯರು ಮುಂದೆ ಬರಲಾರರು ಎಂದಿತು. ಧೈರ್ಯವನ್ನು ಬೇಡುವ ಮೊದಲು ಈ ಕಟ್ಟನ್ನು ಬಿಚ್ಚಬೇಕು, ಆಯ್ಕೆ, ತರಬೇತಿ, ವಿಚಾರಣೆ ಮೂರೂ ಒಂದೇ ಗುಂಪಿನ ಕೈಯಲ್ಲಿ ಇರಕೂಡದು ಎಂಬುದು ಈ ಬರಹದ ನಿಲುವು. ಮೇಷ್ಟ್ರು ಅದನ್ನು ಅಷ್ಟು ಸುಲಭಕ್ಕೆ ಬಿಡುವವರಲ್ಲ.

ಮೇಷ್ಟ್ರು: ಹಾಗಿದ್ದರೆ ಅಮೆರಿಕದ ಕಥೆ ಹೇಳು. 2012ರಲ್ಲಿ ಅಲ್ಲಿನ ಶಾರ್ಟ್ ಟ್ರ್ಯಾಕ್ ತಂಡದ ಹತ್ತಕ್ಕೂ ಹೆಚ್ಚು ಸ್ಕೇಟರ್‌ಗಳು ಮುಖ್ಯ ತರಬೇತುದಾರ ಚುನ್ ಜೇ-ಸು ಮೇಲೆ ದೂರು ಕೊಟ್ಟರು. ಬೈತಾನೆ, ಹೊಡೆದಿದ್ದಾನೆ, ಮನಸ್ಸು ಮುರೀತಾನೆ ಅಂತ. ಅದೇ ತಂಡದ ಇನ್ನೊಂದಷ್ಟು ಜನ, ಇಲ್ಲ, ನಮ್ಮ ಕೋಚ್ ಅಂಥವರಲ್ಲ ಅಂತ ಅವರ ಪರ ನಿಂತರು. ಎರಡು ಗುಂಪೂ ಒಂದೇ ಐಸಿನ ಮೇಲೆ, ಒಂದೇ ಮನುಷ್ಯನ ಕೈಕೆಳಗೆ ಅಭ್ಯಾಸ ಮಾಡಿದವರು. ಯಾರನ್ನ ನಂಬಬೇಕು? ಅವರು ಆರೋಪ ಅಲ್ಲಗಳೆದರು, ಕೊನೆಗೆ ರಾಜೀನಾಮೆ ಕೊಟ್ಟು ಹೋದರು. ಆಮೇಲೆ ಅವರಿಗೆ ಎರಡು ವರ್ಷದ ನಿಷೇಧ ಬಿದ್ದದ್ದೂ ಈ ದೂರಿಗಾಗಿ ಅಲ್ಲ, ಬೇರೆ ವಿಷಯಕ್ಕೆ. ದೂರಿನ ವಿಚಾರ ಎಲ್ಲರೂ ಒಪ್ಪೋ ಹಾಗೆ ತೀರ್ಮಾನ ಆಗಲೇ ಇಲ್ಲ. ಅಂಥ ಕಡೆ ನಿನ್ನ ತತ್ವ ಏನು ಹೇಳುತ್ತೆ?

ವಕೀಲೆ: ಆ ಬೇರೆ ವಿಷಯ ಏನು ಅಂತ ಹೇಳಿದರೆ ನನ್ನ ಉತ್ತರವೂ ಅದರಲ್ಲೇ ಸಿಗುತ್ತೆ, ಮೇಷ್ಟ್ರೇ. 2011ರಲ್ಲಿ ವಾರ್ಸಾದಲ್ಲಿ ನಡೆದ ವಿಶ್ವ ತಂಡ ಚಾಂಪಿಯನ್‌ಶಿಪ್‌ನಲ್ಲಿ ಕೆನಡಾದ ಒಲಿವಿಯೇ ಜಾನ್ ಅವರ ಸ್ಕೇಟಿನ ಬ್ಲೇಡನ್ನ ಯಾರೋ ಬಾಗಿಸಿದ್ದರು. ನಾನೇ ಮಾಡಿದ್ದು ಅಂತ ಅಮೆರಿಕದ ಸೈಮನ್ ಚೋ ಆಮೇಲೆ ಒಪ್ಪಿಕೊಂಡ, ಆತ ಒಲಿಂಪಿಕ್ ಪದಕ ಗೆದ್ದವನು. ಕೋಚ್ ಮತ್ತೆ ಮತ್ತೆ ಹೇಳಿದ್ದಕ್ಕೆ ಮಾಡಿದೆ ಅಂದ. ತಾನು ಹೇಳಲೇ ಇಲ್ಲ ಅಂತ ಕೋಚ್ ಅಂದರು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಇಬ್ಬರಿಗೂ ಎರಡೆರಡು ವರ್ಷ ನಿಷೇಧ ಹಾಕಿತು. ಆ ಹುಡುಗನ ತಪ್ಪು ತಪ್ಪೇ. ಆದರೆ ಇಂಥದ್ದೊಂದು ಹೇಳಿಕೆ ನಂಬೋ ಹಾಗಿದೆ ಅಂತ ನಮಗೆ ಅನ್ನಿಸೋದೇ ಯಾಕೆ? ಒಬ್ಬ ಆಟಗಾರ ತನ್ನ ಕೋಚ್‌ಗೆ ಇಲ್ಲ ಅನ್ನಲಾರ ಅಂತ ಆ ಲೋಕ ಬಲ್ಲವರಿಗೆಲ್ಲ ಗೊತ್ತಿರೋದರಿಂದ. ಇನ್ನು ತಂಡ ಎರಡಾದದ್ದು. ಒಬ್ಬ ಮನುಷ್ಯ ಹತ್ತು ಜನರ ಜೊತೆ ಹತ್ತು ರೀತಿ ಇರಬಲ್ಲ. ನನ್ನ ಜೊತೆ ಚೆನ್ನಾಗಿದ್ದ ಅನ್ನೋದು ನನ್ನ ಅನುಭವಕ್ಕೆ ಸಾಕ್ಷಿ ಹೊರತು ಅವಳ ಅನುಭವಕ್ಕೆ ಅಲ್ಲ.

ಮೇಷ್ಟ್ರು: ಆ ಮಾತು ಎರಡೂ ಕಡೆಗೆ ಹರಿಯುತ್ತಲ್ಲಮ್ಮ. ನನ್ನ ಜೊತೆ ಕೆಟ್ಟದಾಗಿದ್ದ ಅನ್ನೋದನ್ನೂ ಹಾಗೇ ತೂಗಿ ನೋಡಬೇಕಲ್ಲ? ತಂಡಕ್ಕೆ ಆಯ್ಕೆ ಆಗದ ಸಿಟ್ಟು, ಹಳೇ ಕೋಚನ್ನ ತೆಗೆದದ್ದರ ಸಿಟ್ಟು, ಒಕ್ಕೂಟದ ಒಳಜಗಳ, ಇವೆಲ್ಲ ದೂರಿನ ರೂಪದಲ್ಲಿ ಬರೋದು ಉಂಟು. ಕೊರಿಯಾದ ಸ್ಕೇಟಿಂಗಿನಲ್ಲೇ ಬಣಗಳ ಕಾಟ ಎಷ್ಟಿತ್ತು ಅಂದರೆ 2006ರಲ್ಲಿ ಮೂರು ಚಿನ್ನ ಗೆದ್ದ ಆನ್ ಹ್ಯೊನ್-ಸು ದೇಶ ಬಿಟ್ಟು ರಷ್ಯಾ ಪ್ರಜೆಯಾದ, 2014ರಲ್ಲಿ ಅವರಿಗೆ ಮೂರು ಚಿನ್ನ ಗೆದ್ದುಕೊಟ್ಟ. ಅಂಥ ಕಡೆ ಪ್ರತಿ ದೂರಿನ ಹಿಂದೆ ಯಾವ ಬಣ ಇದೆ ಅಂತ ಕೇಳೋದು ತಪ್ಪೇ?

ವಕೀಲೆ: ಕೇಳಿ. ಆದರೆ ಬಣ ಇದೆ ಅನ್ನೋ ಕಾರಣಕ್ಕೆ ಏಟು ಬಿದ್ದಿಲ್ಲ ಅಂತ ಆಗೋಲ್ಲ. ಬಣಗಳ ನಡುವೆ ಸಿಕ್ಕಿಕೊಂಡ ಆಟಗಾರರಿಗೆ ಬಣದ ಹೊರಗಿನ ಒಬ್ಬರು ಬೇಕು. ವಿಚಾರಣೆ ಒಕ್ಕೂಟದಿಂದ ಹೊರಗೆ ನಡೀಬೇಕು ಅಂತ ನಾನು ಹಟ ಹಿಡಿಯೋದು ಅದಕ್ಕೇ. ಅಮೆರಿಕದಲ್ಲಿ 2017ರಲ್ಲಿ ಸೇಫ್‌ಸ್ಪೋರ್ಟ್ ಅನ್ನೋ ಪ್ರತ್ಯೇಕ ಕೇಂದ್ರ ತೆರೆದರು. ಕೊರಿಯಾದಲ್ಲಿ 2020ರ ಆಗಸ್ಟ್‌ನಲ್ಲಿ ಕ್ರೀಡಾ ನೈತಿಕತಾ ಕೇಂದ್ರ ಬಂತು.

ಮೇಷ್ಟ್ರು: ಆ ಕೇಂದ್ರ ಬರೋಕೆ ಎರಡು ತಿಂಗಳು ಮುಂಚೆ ಏನಾಯ್ತು ಅಂತಲೂ ಹೇಳಬೇಕಲ್ಲ. ಟ್ರಯಥ್ಲಾನ್ ಆಟಗಾರ್ತಿ ಚೋಯ್ ಸುಕ್-ಹ್ಯೊನ್, 22 ವರ್ಷದ ಹುಡುಗಿ. ಗ್ಯೊಂಗ್‌ಜು ನಗರದ ತಂಡದಲ್ಲಿ ಕೋಚ್ ಹೊಡೆದ, ವೈದ್ಯನೇ ಅಲ್ಲದ ತಂಡದ ವೈದ್ಯ ಹೊಡೆದ, ಹಿರಿಯ ಆಟಗಾರ್ತಿಯೂ ಹಿಂಸೆ ಕೊಟ್ಟಳು. ಆ ಮಗು ಸುಮ್ಮನೆ ಕೂರಲಿಲ್ಲ. ನಗರ ಆಡಳಿತಕ್ಕೆ ಹೇಳಿದಳು, ಪೊಲೀಸರಿಗೆ ಹೇಳಿದಳು, ರಾಷ್ಟ್ರೀಯ ಕ್ರೀಡಾ ಸಮಿತಿಗೆ ಬರೆದಳು, ಟ್ರಯಥ್ಲಾನ್ ಸಂಸ್ಥೆಗೂ ಬರೆದಳು. ಧ್ವನಿಮುದ್ರಣ ಇತ್ತು. ಶಿಮ್ ಪ್ರಕರಣ ದೇಶವನ್ನೇ ಅಲ್ಲಾಡಿಸಿ ಒಂದೂವರೆ ವರ್ಷ ಆಗಿತ್ತು, ಆಯೋಗ ಸಮೀಕ್ಷೆ ಮುಗಿಸಿತ್ತು, ಎಲ್ಲರೂ ಎಚ್ಚೆತ್ತಿದ್ದೀವಿ ಅಂತ ಹೇಳ್ಕೊಂಡಿದ್ದರು. 2020ರ ಜೂನ್ 26ರಂದು ಆ ಹುಡುಗಿ ಜೀವ ಕಳ್ಕೊಂಡಳು, ಅವರ ತಪ್ಪನ್ನ ಬಯಲು ಮಾಡು ಅಂತ ಅಮ್ಮನಿಗೆ ಸಂದೇಶ ಕಳಿಸಿ. ನೀನು ಬಾಗಿಲುಗಳನ್ನ ಹೆಚ್ಚಿಸ್ತಾ ಹೋಗ್ತೀಯ. ಅವಳು ಎಲ್ಲ ಬಾಗಿಲನ್ನೂ ತಟ್ಟಿದಳಲ್ಲ?

ವಕೀಲೆ: ಇದಕ್ಕೆ ನನ್ನ ಹತ್ತಿರ ಸಲೀಸಾದ ಉತ್ತರ ಇಲ್ಲ. ಅವಳು ತಟ್ಟಿದ ಬಾಗಿಲುಗಳಲ್ಲಿ ಪೊಲೀಸರದೂ ಒಂದು; ಅದು ಒಕ್ಕೂಟದಿಂದ ಹೊರಗೇ ಇತ್ತು. ಹಾಗಾಗಿ ಹೊರಗಿನ ಸಂಸ್ಥೆ ಇದ್ದರೆ ಸಾಕು ಅಂತ ನಾನು ಹೇಳಿದ್ದನ್ನ ತಿದ್ದಿಕೊಳ್ತೀನಿ. ದೂರು ಕೊಟ್ಟ ದಿನದಿಂದ ತೀರ್ಮಾನದ ದಿನದವರೆಗಿನ ಸಮಯ ಇದೆಯಲ್ಲ, ಜೀವ ಹೋಗೋದು ಆ ಸಂದಿಯಲ್ಲಿ. ಅವಳ ಮನೆಯವರು ನಗರ ಆಡಳಿತಕ್ಕೆ ಹೇಳಿದ್ದು ಫೆಬ್ರವರಿಯಲ್ಲಿ, ಅವಳು ಹೋದದ್ದು ಜೂನ್‌ನಲ್ಲಿ. ಆ ನಾಲ್ಕು ತಿಂಗಳು ಅವಳ ಅನ್ನ, ಅವಳ ಆಟ, ಅವಳ ಹೆಸರು ಎಲ್ಲ ತೂಗುಯ್ಯಾಲೆಯಲ್ಲಿತ್ತು. ದೂರು ಬಂದ ತಕ್ಷಣ ಆ ಕೋಚ್‌ನ ಕೈಯಿಂದ ಒಂದು ಅಧಿಕಾರ ತೆಗೀಬೇಕು: ದೂರು ಕೊಟ್ಟವಳ ಭವಿಷ್ಯ ನಿರ್ಧಾರ ಮಾಡೋ ಅಧಿಕಾರ. ಆಯ್ಕೆಯನ್ನ ಬೇರೆಯವರು ನೋಡಲಿ, ಅಭ್ಯಾಸಕ್ಕೆ ಬೇರೆ ಜಾಗ ಕೊಡಲಿ, ಸಂಬಳ ನಿಲ್ಲದಿರಲಿ. ಅವನನ್ನ ಅಪರಾಧಿ ಅಂತ ಸಾರೋದು ಬೇಡ.

ಮೇಷ್ಟ್ರು: ಹೇಳೋಕೆ ಸುಲಭ. ಶಾರ್ಟ್ ಟ್ರ್ಯಾಕ್‌ನಲ್ಲಿ ಗಡಿಯಾರ ನೋಡಿ ಆಯ್ಕೆ ಮಾಡೋಕಾಗಲ್ಲ. ಅಲ್ಲಿ ಮುಖ್ಯ ಯಾರು ಮೊದಲು ಬಂದರು ಅನ್ನೋದು, ಎಷ್ಟು ಸೆಕೆಂಡಿನಲ್ಲಿ ಬಂದರು ಅನ್ನೋದಲ್ಲ. ರಿಲೇಯಲ್ಲಿ ಹಿಂದಿನವಳು ಮುಂದಿನವಳನ್ನ ಕೈಯಿಂದ ನೂಕಿ ಕಳಿಸಬೇಕು. ಯಾರು ಯಾರಿಗೆ ಹೊಂದುತ್ತಾರೆ ಅಂತ ದಿನಾ ನೋಡೋ ಕಣ್ಣಿಗೆ ಮಾತ್ರ ಗೊತ್ತಾಗೋದು. ಒಲಿಂಪಿಕ್ಸ್ ಮೂರು ವಾರ ಇರುವಾಗ ಆ ಕಣ್ಣನ್ನ ಹೊರಗೆ ಕಳಿಸಿದರೆ ತಂಡದ ಉಳಿದ ಹುಡುಗಿಯರ ನಾಲ್ಕು ವರ್ಷದ ದುಡಿಮೆಗೆ ಯಾರು ಜವಾಬು? ಅವರೂ ಬೆವರು ಸುರಿಸಿದವರೇ.

ವಕೀಲೆ: ಅವರ ನಷ್ಟ ನಿಜ. ಆದರೆ ಆ ನಷ್ಟವನ್ನ ದೂರು ಕೊಟ್ಟವಳ ಲೆಕ್ಕಕ್ಕೆ ಬರೀತೀವಲ್ಲ, ಅದು ತಪ್ಪು. 2018ರಲ್ಲಿ ಕೊರಿಯಾದ ಒಕ್ಕೂಟ ಚೋ ಜೇ-ಬಮ್‌ನನ್ನ ತೆಗೆದದ್ದು ಕ್ರೀಡಾಕೂಟಕ್ಕೆ ಎರಡು ವಾರ ಇರುವಾಗ. ಆ ತಂಡ ರಿಲೇ ಚಿನ್ನ ಗೆದ್ದಿತು. ಒಂದು ಉದಾಹರಣೆಯಿಂದ ಎಲ್ಲ ಸಾಬೀತಾಗುತ್ತೆ ಅಂತ ಹೇಳೋಲ್ಲ. ಆ ಒಬ್ಬ ಮನುಷ್ಯ ಇಲ್ಲದಿದ್ದರೆ ತಂಡವೇ ಇಲ್ಲ ಅನ್ನೋ ಮಾತು ಆ ಸಲ ನಿಜವಾಗಲಿಲ್ಲ ಅಂತ ಮಾತ್ರ ಹೇಳ್ತೀನಿ.

ಮೇಷ್ಟ್ರು: ಅದೇ ಶಿಮ್ ವಿಷಯದಲ್ಲಿ ಆಮೇಲೆ ನಡೆದದ್ದನ್ನೂ ನೋಡು. 2021ರ ಅಕ್ಟೋಬರ್‌ನಲ್ಲಿ ಆಕೆಯ ಹಳೇ ಖಾಸಗಿ ಸಂದೇಶಗಳು ಹೊರಗೆ ಬಂದವು. 2018ರ ಒಲಿಂಪಿಕ್ಸ್ ಹೊತ್ತಿನವು. ಜೊತೆಯ ಆಟಗಾರ್ತಿಯರನ್ನ ಹೀನಾಯವಾಗಿ ಆಡಿಕೊಂಡ ಮಾತುಗಳು. ಅವರಲ್ಲಿ ಒಬ್ಬಳಾದ ಚೋಯ್ ಮಿನ್-ಜಂಗ್‌ಗೆ ಎಷ್ಟು ನೋವಾಗಿರಬೇಕು! ಒಕ್ಕೂಟ ಎರಡು ತಿಂಗಳು ಅಮಾನತು ಮಾಡಿತು, ಕೋರ್ಟ್ ತಡೆ ಕೊಡಲಿಲ್ಲ, ಬೀಜಿಂಗ್ ಒಲಿಂಪಿಕ್ಸ್ ತಪ್ಪಿತು. ನೊಂದವರು ಅಂದ ಕೂಡಲೇ ನಾವು ಅವರನ್ನ ಪೀಠದ ಮೇಲೆ ಕೂರಿಸ್ತೀವಿ, ಆಮೇಲೆ ಅವರೂ ಮನುಷ್ಯರು ಅಂತ ಗೊತ್ತಾದಾಗ ಕಕ್ಕಾಬಿಕ್ಕಿ ಆಗ್ತೀವಿ.

ವಕೀಲೆ: ಪೀಠದ ಮೇಲೆ ಕೂರಿಸಬಾರದು, ನಿಜ. ಚೋಯ್ ಮಿನ್-ಜಂಗ್ ಅವರ ನೋವಿಗೂ ಬೆಲೆ ಇದೆ, ಆ ಮಾತುಗಳನ್ನ ನಾನು ಸಮರ್ಥಿಸೋಲ್ಲ. ಆದರೆ ದೌರ್ಜನ್ಯ ಆಗಿದೆಯೋ ಇಲ್ಲವೋ ಅನ್ನೋದು ದೌರ್ಜನ್ಯಕ್ಕೆ ಒಳಗಾದವರ ಗುಣನಡತೆ ನೋಡಿ ತೀರ್ಮಾನ ಮಾಡೋ ವಿಷಯ ಅಲ್ಲ. ಸಂದೇಶಗಳು ಬಯಲಾಗಿ ಎರಡು ತಿಂಗಳಾದ ಮೇಲೆ ಸುಪ್ರೀಂ ಕೋರ್ಟ್ 13 ವರ್ಷದ ಶಿಕ್ಷೆಯನ್ನ ಕಾಯಂ ಮಾಡಿತು. ನನಗೆ ಅಂಜಿಕೆ ಇರೋದು ಬೇರೆ ಕಡೆ. ಹೆಸರು ಹೇಳದೆ ಉಳಿದ ಆ ಹುಡುಗಿಯರು ಇದನ್ನೆಲ್ಲ ನೋಡ್ತಾ ಇದ್ದರು. ಬಾಯಿ ಬಿಟ್ಟರೆ ಕೋಚ್ ಜೈಲಿಗೆ ಹೋಗಬಹುದು, ಆದರೆ ನನ್ನ ಫೋನಿನಲ್ಲಿರೋದೆಲ್ಲ ಬೀದಿಗೆ ಬರುತ್ತೆ ಅಂತ ಅವರು ತಿಳಿದುಕೊಂಡಿದ್ದರೆ ಅದು ಅವರ ತಪ್ಪಲ್ಲ.

ಮೇಷ್ಟ್ರು: ಹಾಗಾದರೆ ನನ್ನದು ಎರಡು ಬೇಡಿಕೆ. ವಿಚಾರಣೆಗೆ ಇಂತಿಷ್ಟು ದಿನ ಅಂತ ಗಡುವು ಇರಲಿ. ಆರೋಪ ನಿಲ್ಲದಿದ್ದರೆ, ಆರೋಪ ಬಂದಾಗ ಎಷ್ಟು ದೊಡ್ಡದಾಗಿ ಸಾರಿದರೋ ಅಷ್ಟೇ ದೊಡ್ಡದಾಗಿ ಅದನ್ನೂ ಸಾರಲಿ.

ವಕೀಲೆ: ಮೊದಲನೆಯದಕ್ಕೆ ಈಗಲೇ ಸಹಿ ಹಾಕ್ತೀನಿ. ಎರಡನೆಯದರಲ್ಲಿ ಒಂದು ತೊಡಕಿದೆ. ಸಾಬೀತಾಗಲಿಲ್ಲ ಅನ್ನೋದೂ ಸುಳ್ಳು ಅನ್ನೋದೂ ಒಂದೇ ಅಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ನಡೆದದ್ದು ಎಷ್ಟೋ ಸಲ ಸಾಬೀತಾಗೋದೇ ಇಲ್ಲ.

ಮೇಷ್ಟ್ರು: ಅಂದರೆ ಆ ತರಬೇತುದಾರ ಸಾಯೋವರೆಗೂ ಅನುಮಾನದ ನೆರಳಲ್ಲೇ ಇರಬೇಕು.

ವಕೀಲೆ: ಕೆಲವರು ಇರಬೇಕಾಗಬಹುದು. ಅದರಲ್ಲಿ ನಿರಪರಾಧಿಗಳೂ ಇರಬಹುದು. ಅದು ಅನ್ಯಾಯ ಅಂತ ಒಪ್ಪಿಕೊಂಡೇ ಹೇಳ್ತೀನಿ, ಅದಕ್ಕೆ ಹೆದರಿ ದೂರಿನ ದಾರಿ ಕಿರಿದು ಮಾಡಿದರೆ ಏನಾಗುತ್ತೆ ಅನ್ನೋದನ್ನೂ ಕೊರಿಯಾ ನೋಡಿದೆ. 2004ರ ನವೆಂಬರ್‌ನಲ್ಲಿ ರಾಷ್ಟ್ರೀಯ ತಂಡದ ಮಹಿಳಾ ಶಾರ್ಟ್ ಟ್ರ್ಯಾಕ್ ಸ್ಕೇಟರ್‌ಗಳು ಒಟ್ಟಾಗಿ ತೇರುಂಗ್ ತರಬೇತಿ ಶಿಬಿರ ಬಿಟ್ಟು ಹೊರನಡೆದರು. ಕಾರಣ, ಕೋಚ್‌ಗಳ ಹೊಡೆತ. ಆಗಲೂ ಹಾಕಿ ಸ್ಟಿಕ್ಕೇ. ಕೋಚ್‌ಗಳು ರಾಜೀನಾಮೆ ಕೊಟ್ಟರು, ಒಕ್ಕೂಟದ ಕೆಲವರೂ ಕೊಟ್ಟರು, ಅಲ್ಲಿಗೆ ಮುಗಿಯಿತು ಅಂದುಕೊಂಡರು. ಆ ವರ್ಷ ಶಿಮ್ ಏಳು ವರ್ಷದ ಹುಡುಗಿ. ಪ್ರಾಥಮಿಕ ಶಾಲೆಯ ಮೊದಲ ತರಗತಿಯಿಂದಲೇ ಏಟು ತಿಂತಿದ್ದೆ ಅಂತ ಆಕೆ ಕೋರ್ಟಿನಲ್ಲಿ ಹೇಳಿದ್ದು ಆ ಕಾಲದ ಬಗ್ಗೆ. ಮೇಲಿನವರು ರಾಜೀನಾಮೆ ಕೊಡ್ತಿದ್ದ ಆ ದಿನಗಳಲ್ಲಿ ಮಕ್ಕಳ ರಿಂಕ್‌ಗಳಲ್ಲಿ ಏನು ನಡೀತಿದೆ ಅಂತ ಹೋಗಿ ನೋಡಿದವರು ಯಾರು?

ಮೇಷ್ಟ್ರು: ನೋಡಿದವರು ಇರಲೇಬೇಕಮ್ಮ. ಮಗುವಿನ ಬೆರಳು ಮುರಿದರೆ ಆ ರಿಂಕ್‌ನಲ್ಲಿ ಇನ್ನೊಬ್ಬ ಕೋಚ್ ಇರ್ತಾನೆ, ಬ್ಲೇಡ್ ಹರಿತ ಮಾಡೋನು ಇರ್ತಾನೆ, ಬೇರೆ ಮಕ್ಕಳ ಅಪ್ಪ ಅಮ್ಮ ಇರ್ತಾರೆ. ನೀನು ಇಷ್ಟು ಹೊತ್ತೂ ಏಟು ತಿಂದವಳ ಬಾಯಿ ಬಿಡಿಸೋ ಮಾತಾಡಿದೆ, ನಾನು ಹೊಡೆದ ಅಂತ ಆರೋಪ ಹೊತ್ತವನ ಹೆಸರು ಉಳಿಸೋ ಮಾತಾಡಿದೆ. ನೋಡಿದವರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ವಕೀಲೆ: ಕಾನೂನು ಆ ದಿಕ್ಕಿಗೆ ಹೊರಳ್ತಾ ಇದೆ. ಅಮೆರಿಕದಲ್ಲಿ 2018ರಿಂದ, ಮಗುವಿನ ಮೇಲೆ ದೌರ್ಜನ್ಯ ಆಗಿರಬಹುದು ಅಂತ ಅನುಮಾನ ಬಂದರೂ ಕ್ರೀಡಾ ಸಂಸ್ಥೆಯಲ್ಲಿ ಕೆಲಸ ಮಾಡೋ ವಯಸ್ಕರು 24 ಗಂಟೆಯೊಳಗೆ ವರದಿ ಮಾಡಲೇಬೇಕು. ನಮ್ಮಲ್ಲೂ 2012ರ ಪೋಕ್ಸೊ ಕಾಯ್ದೆ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದೂ ತಿಳಿಸದೆ ಇದ್ದರೆ ಅದೇ ಒಂದು ಅಪರಾಧ.

ಮೇಷ್ಟ್ರು: ಸರಿ. ಆದರೆ ಆ ರಿಂಕ್‌ನ ಸಹಾಯಕ ಕೋಚ್‌ನ ಜಾಗದಲ್ಲಿ ನಿಂತು ನೋಡು. ಅವನನ್ನ ಕೆಲಸಕ್ಕೆ ಸೇರಿಸಿದವನು ಅದೇ ಮುಖ್ಯ ಕೋಚ್. ಮುಂದಿನ ವರ್ಷ ಅವನನ್ನ ಇಟ್ಟುಕೊಳ್ಳಬೇಕೋ ಬೇಡವೋ ಅಂತ ಹೇಳೋನೂ ಅವನೇ. ಆಟಗಾರ್ತಿಯ ಆಯ್ಕೆಯನ್ನ ನೀನು ಬೇರೆಯವರ ಕೈಗೆ ಕೊಡ್ತೀಯ. ಈ ಸಹಾಯಕನ ಸಂಬಳವನ್ನ ಯಾರ ಕೈಗೆ ಕೊಡ್ತೀಯ?